ಪಿಸ್ಟನ್ನಿನ ಚರಿತ್ರೆ

ಓಕುಳಿಯ ದಿನ ಹುಡುಗರು ಬಣ್ಣದ ನೀರನ್ನು ಎರಚುವ ಜೀರ್ಕೊಳವೆಯನ್ನು ನಾವೆಲ್ಲರೂ ಬಲ್ಲೆವು. ಒಂದು ಬಿದಿರಿನ ಕೊಳವೆ. ಅದರ ಒಂದು ಕೊನೆಯಲ್ಲಿ ಸಣ್ಣ ತೂತು. ಇನ್ನೊಂದು ಕೊನೆಯಿಂದ ಒಳಗೆ ಆಡುವ ಒಂದು ಕಡ್ಡಿ. ಆ ಕಡ್ಡಿಯ ತುದಿಗೆ ಸುತ್ತಿದ ಒಂದಿಷ್ಟು ಚಿಂದಿ ಬಟ್ಟೆ. ಕಡ್ಡಿಯನ್ನು ಹಿಂದಕ್ಕೆ ಎಳೆದರೆ ನೀರು ಏರುತ್ತದೆ. ಮುಂದಕ್ಕೆ ನೂಕಿದರೆ ಚಿಮ್ಮುತ್ತದೆ. ಚಿಂದಿ ಸಡಿಲವಾಗಿದ್ದರೆ ನೀರು ಹಿಂದಕ್ಕೆ ನುಗ್ಗಿ ಆಡುವವನ ಅಂಗಿಯನ್ನೇ ತೋಯಿಸುತ್ತದೆ; ಅತಿ ಬಿಗಿಯಾಗಿದ್ದರೆ ಕಡ್ಡಿ ಅಲುಗುವುದೇ ಇಲ್ಲ. ಮೋಟಾರು ಬಂಡಿಯ ಎಂಜಿನ್ನಿನೊಳಗೆ ಇರುವುದೂ ಮೂಲದಲ್ಲಿ ಇಷ್ಟೇ. ಒಂದು ಉರುಳೆ, ಅದರೊಳಗೆ ಮುಂದಕ್ಕೂ ಹಿಂದಕ್ಕೂ ಸರಿದಾಡುವ ಒಂದು ಬೆಣೆ, ಅವೆರಡರ ನಡುವಣ ಸಂದನ್ನು ಮುಚ್ಚುವ ಒಂದು ಉಪಾಯ. ನಮ್ಮ ಪಾಠಪುಸ್ತಕಗಳನ್ನು ಬರೆದ ಪಂಡಿತರು ಈ ಬೆಣೆಗೆ ಕೊಂತವೆಂದೂ ಆಡುಬೆಣೆಯೆಂದೂ ಹೆಸರಿಟ್ಟಿದ್ದಾರೆ. ಹೆಸರುಗಳು ಚೆನ್ನಾಗಿಯೇ ಇವೆ. ಆದರೆ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿಯುವ ಮೇಸ್ತ್ರಿ ಪಿಸ್ಟನ್ ಎನ್ನುತ್ತಾನೆ. ನಾವೂ ಹಾಗೆಯೇ ಕರೆಯೋಣ.

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬೆಂಕಿಯನ್ನೂ ಹಬೆಯನ್ನೂ ಕುರಿತು ಬಹಳ ಹೇಳುತ್ತಾರೆ. ಪಿಸ್ಟನ್ನಿಗೂ ಉರುಳೆಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನ ಮಾತನ್ನು ಎತ್ತುವವರು ಕಡಮೆ. ಆದರೆ ನಮ್ಮ ಅಭಿಪ್ರಾಯದಲ್ಲಿ ಆ ಚರಿತ್ರೆಯ ಮುಕ್ಕಾಲು ಪಾಲು ಕಷ್ಟವೆಲ್ಲ ಆ ಸಂದಿನಲ್ಲಿಯೇ ಅಡಗಿದೆ. ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ವಿದ್ವಾಂಸರು ಬೇಗನೆ ಕಂಡುಕೊಂಡರು. ಅದನ್ನು ಸೋರದಂತೆ ಹಿಡಿದುಕೊಳ್ಳುವುದಕ್ಕೆ ಕಮ್ಮಾರರೂ ಎರಕದವರೂ ತಲೆಮಾರುಗಟ್ಟಲೆ ಬೆವರು ಸುರಿಸಬೇಕಾಯಿತು.

ಹದಿನೇಳನೆಯ ಶತಮಾನದ ನಡುಗಾಲದಲ್ಲಿ ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದ ಪುರಪ್ರಮುಖನಾಗಿದ್ದ ಆಟೋ ಫಾನ್ ಗೆರಿಕೆ ಎಂಬಾತನು ಗಾಳಿಯನ್ನು ಹೊರಗೆಳೆಯುವ ಪಂಪನ್ನು ನಿರ್ಮಿಸಿದನು. ಎರಡು ತಾಮ್ರದ ಅರೆಗೋಳಗಳನ್ನು ಕೂಡಿಸಿ, ಒಳಗಣ ಗಾಳಿಯನ್ನು ತೆಗೆದು, ಕುದುರೆಗಳಿಂದ ಎಳೆಯಿಸಿದರೂ ಅವು ಬೇರೆಯಾಗಲಿಲ್ಲವೆಂಬ ಕಥೆಯನ್ನು ಶಾಲೆಯ ಮಕ್ಕಳೂ ಓದಿರುತ್ತಾರೆ. ಅವನು ಮಾಡಿದ ಇನ್ನೊಂದು ಪ್ರಯೋಗವು ಅಷ್ಟು ಪ್ರಸಿದ್ಧವಲ್ಲ. ಒಂದು ದೊಡ್ಡ ಉರುಳೆಯಲ್ಲಿ ಪಿಸ್ಟನ್ನನ್ನು ಇಟ್ಟು, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಹಲವು ಮಂದಿ ಆಳುಗಳ ಕೈಗೆ ಕೊಟ್ಟನು. ಪಿಸ್ಟನ್ನಿನ ಕೆಳಗಣ ಗಾಳಿಯನ್ನು ತೆಗೆದೊಡನೆ ಅದು ಕೆಳಗಿಳಿಯಿತು. ಆಳುಗಳೆಲ್ಲರೂ ಸೇರಿ ಹಿಡಿದರೂ ನಿಲ್ಲಲಿಲ್ಲ. ನಮ್ಮ ತಲೆಯ ಮೇಲಿರುವ ವಾಯುಮಂಡಲವು ಪ್ರತಿಯೊಂದು ಚದರ ಅಂಗುಲದ ಮೇಲೂ ಸುಮಾರು 15 ಪೌಂಡಿನಂತೆ ಒತ್ತುತ್ತಿದೆ. ಕೆಳಗೆ ಬರಿದು ಮಾಡಿದರೆ ಸಾಕು, ಆ ಭಾರವೇ ದುಡಿಯುತ್ತದೆ. ಎಂಜಿನ್ನಿನ ಬೀಜವು ಅಲ್ಲಿ ಮೊಳೆಯಿತು.

ಹಾಗಾದರೆ ಉರುಳೆಯನ್ನು ಬರಿದು ಮಾಡುವುದು ಹೇಗೆ? ಡಚ್ ವಿದ್ವಾಂಸನಾದ ಹೈಗೆನ್ಸನು 1673ರ ಸುಮಾರಿಗೆ ಪ್ಯಾರಿಸಿನಲ್ಲಿ ಮದ್ದಿನ ಪುಡಿಯನ್ನು ಸಿಡಿಸಿ ಈ ಕೆಲಸವನ್ನು ಮಾಡಲು ಯತ್ನಿಸಿದನು. ಅವನ ಸಹಾಯಕನಾಗಿದ್ದ ಡೆನಿಸ್ ಪಪ್ಯಾನನು ಪ್ರೊಟೆಸ್ಟೆಂಟ್ ಮತದವನು. 1685ರಲ್ಲಿ ಆ ಮತದವರಿಗಿದ್ದ ರಕ್ಷಣೆಯನ್ನು ಫ್ರಾನ್ಸಿನ ದೊರೆ ತೆಗೆದುಹಾಕಿದಮೇಲೆ ಸ್ವದೇಶದ ಬಾಗಿಲು ಅವನಿಗೆ ಮುಚ್ಚಿತು. ಜರ್ಮನಿಯ ಮಾರ್ಬುರ್ಗಿನಲ್ಲಿ ಅಧ್ಯಾಪಕನಾಗಿದ್ದು, 1690ರಲ್ಲಿ ಮದ್ದಿಗೆ ಬದಲಾಗಿ ನೀರನ್ನು ಸೂಚಿಸಿದನು. ಉರುಳೆಯ ತಳದಲ್ಲಿ ಸ್ವಲ್ಪ ನೀರು, ಕೆಳಗೆ ಬೆಂಕಿ, ಹಬೆಯು ಪಿಸ್ಟನ್ನನ್ನು ಮೇಲಕ್ಕೆತ್ತುತ್ತದೆ, ಬೆಂಕಿಯನ್ನು ಸರಿಸಿದರೆ ಹಬೆಯು ತಣಿದು ನೀರಾಗುತ್ತದೆ, ಬರಿದಾದ ಉರುಳೆಯೊಳಕ್ಕೆ ಹೊರಗಣ ಗಾಳಿಯು ಪಿಸ್ಟನ್ನನ್ನು ಒತ್ತುತ್ತದೆ. ತತ್ತ್ವವು ನಿರ್ದೋಷವಾಗಿತ್ತು. ಆದರೆ ಅವನ ಉರುಳೆಯು ಎರಡೂವರೆ ಅಂಗುಲ ಅಗಲದ ಆಟಿಕೆ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒಂದೇ ಸಮನಾಗಿರುವ ದೊಡ್ಡ ಕೊಳವೆಗಳನ್ನು ಮಾಡುವುದೇ ಮುಖ್ಯವಾದ ಕಷ್ಟವೆಂದು ಪಪ್ಯಾನನೇ ತನ್ನ ಲೇಖನದಲ್ಲಿ ಹೇಳಿದ್ದಾನೆ. ಆ ಮಾತು ಮುಂದಿನ ಎಂಬತ್ತೈದು ವರ್ಷಗಳ ಚರಿತ್ರೆಗೆ ಬರೆದ ಮುನ್ನುಡಿಯಂತಿದೆ.

ಇಂಗ್ಲೆಂಡಿನ ಡಾರ್ಟ್‌ಮತ್ ಎಂಬ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ ಥಾಮಸ್ ನ್ಯೂಕಮೆನ್ ವಿದ್ವಾಂಸನಲ್ಲ. ನೆರೆಯ ಗಣಿಗಳಿಗೆ ಹಾರೆ ಗುದ್ದಲಿಗಳನ್ನು ಒದಗಿಸುತ್ತಿದ್ದವನು. ಗಣಿಯೊಳಗೆ ಜಿನುಗುವ ನೀರನ್ನು ಮೇಲೆತ್ತಲು ಕುದುರೆಗಳಿಂದ ಸಾಲದೆ ಗಣಿಗಳು ಮುಚ್ಚಿಹೋಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದವನು. 1712ರಲ್ಲಿ ಡಡ್ಲಿ ಕೋಟೆಯ ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ಅವನು ನಿಲ್ಲಿಸಿದ ಯಂತ್ರದ ಉರುಳೆಯು 21 ಅಂಗುಲ ಅಗಲ, 7 ಅಡಿ 10 ಅಂಗುಲ ಎತ್ತರ. ನಿಮಿಷಕ್ಕೆ ಹನ್ನೆರಡು ಬಾರಿ ಪಿಸ್ಟನ್ನು ಇಳಿಯುತ್ತಿತ್ತು; ಪ್ರತಿಯೊಂದು ಸಲವೂ 10 ಗ್ಯಾಲನ್ ನೀರು 50 ಗಜಕ್ಕೂ ಮಿಕ್ಕ ಆಳದಿಂದ ಮೇಲೆ ಬರುತ್ತಿತ್ತು. ಆಗಿನ ಉರುಳೆಯನ್ನು ಎರಕ ಹೊಯ್ದು ಒಳಮೈಯನ್ನು ಕೈಯಿಂದ ಉಜ್ಜಿ ನಯಮಾಡುತ್ತಿದ್ದರು. ಅದು ದುಂಡಗಿರಬಹುದು, ಇಲ್ಲದಿರಬಹುದು. ಅಲ್ಲಲ್ಲಿ ಬೆರಳು ತೂರುವಷ್ಟು ಸಂದು ಬಿದ್ದರೂ ಆಶ್ಚರ್ಯವಿರಲಿಲ್ಲ. ನ್ಯೂಕಮೆನ್ ಏನು ಮಾಡಿದನು? ಪಿಸ್ಟನ್ನಿನ ಅಂಚಿಗೆ ತೊಗಲಿನ ಬಿಲ್ಲೆಯನ್ನು ಹೊಂದಿಸಿ, ಅದರ ಮೇಲೆ ನೀರನ್ನು ನಿಲ್ಲಿಸಿದನು. ನೀರು ಸಂದಿನಲ್ಲಿ ಸ್ವಲ್ಪ ಇಳಿದರೂ ಗಾಳಿಯನ್ನು ಬಿಡುವುದಿಲ್ಲ. ಜೀರ್ಕೊಳವೆಯ ಚಿಂದಿಗೆ ಇದಕ್ಕಿಂತ ಸರಳವಾದ ಬದಲಿ ಇನ್ನಾವುದಿದ್ದೀತು!

ಇನ್ನೊಂದು ವಿನೋದವುಂಟು. ಮೊದಲು ಅವನು ಉರುಳೆಯ ಹೊರಗಡೆ ತಣ್ಣೀರನ್ನು ಸುರಿದು ಹಬೆಯನ್ನು ತಣಿಸುತ್ತಿದ್ದನು. ಅದು ಬಹಳ ನಿಧಾನ. ಒಂದು ದಿನ ಬೆಸುಗೆ ಹಾಕಿ ಮುಚ್ಚಿದ್ದ ತೂತೊಂದು ಬಿಟ್ಟುಕೊಂಡು ತಣ್ಣೀರು ಉರುಳೆಯೊಳಕ್ಕೇ ನುಗ್ಗಿತು, ಹಬೆಯು ಕ್ಷಣದಲ್ಲಿ ನೀರಾಗಿ ಪಿಸ್ಟನ್ನು ಭಯಂಕರವಾದ ವೇಗದಿಂದ ಕೆಳಕ್ಕೆ ಬಡಿಯಿತು, ಸರಪಣಿಯೇ ಹರಿದುಹೋಯಿತು. ಒಳಗೇ ನೀರು ಚಿಮುಕಿಸಬೇಕೆಂಬ ಜ್ಞಾನವು ಹೀಗೆ ಸೋರಿಕೆಯಿಂದ ಬಂತೆಂದು ನ್ಯೂಕಮೆನ್ನನನ್ನು ಬಲ್ಲ ಸ್ವೀಡನ್ನಿನ ಟ್ರೀವಾಲ್ಡ್ ಎಂಬುವನು ಬರೆದಿಟ್ಟಿದ್ದಾನೆ.

ಜೇಮ್ಸ್ ವಾಟನ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಕೆಟಲಿನ ಮುಚ್ಚಳದ ಕಟ್ಟುಕಥೆಯನ್ನು ನಾವು ಇಲ್ಲಿ ಹೇಳುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದ ಅವನು 1763-64ರಲ್ಲಿ ನ್ಯೂಕಮೆನ್ ಯಂತ್ರದ ಒಂದು ಮಾದರಿಯನ್ನು ದುರಸ್ತು ಮಾಡುತ್ತ, ಪ್ರತಿ ಸಲವೂ ಉರುಳೆಯನ್ನು ಕಾಯಿಸಿ ಪ್ರತಿ ಸಲವೂ ತಣಿಸುವುದರಲ್ಲಿಯೇ ಹಬೆಯ ಬಹುಭಾಗ ವ್ಯರ್ಥವಾಗುವುದನ್ನು ಕಂಡನು. 1765ರಲ್ಲಿ ಅವನಿಗೆ ಪರಿಹಾರ ಹೊಳೆಯಿತು: ಹಬೆಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬೇಕು, ಉರುಳೆಯು ಯಾವಾಗಲೂ ಬಿಸಿಯಾಗಿಯೇ ಇರಬೇಕು. ಇಷ್ಟು ಸುಲಭವಾದ ಮಾತು ಕಾರ್ಯರೂಪಕ್ಕೆ ಬರಲು ಹತ್ತು ವರ್ಷಗಳು ಏಕೆ ಹಿಡಿದುವು? ಕಾರಣವು ನಮ್ಮ ಸಂದೇ. ಉರುಳೆ ಬಿಸಿಯಾಗಿರಬೇಕಾದರೆ ಪಿಸ್ಟನ್ನಿನ ಮೇಲೆ ನೀರು ನಿಲ್ಲಿಸುವಂತಿಲ್ಲ. ನೀರಿಲ್ಲದೆ ಆ ಓರೆಕೋರೆ ಉರುಳೆಯಲ್ಲಿ ಹಬೆಯನ್ನು ತಡೆಯುವುದು ಹೇಗೆ? ವಾಟನು ಬೆಂಡನ್ನು ಹಾಕಿ ನೋಡಿದನು. ಎಣ್ಣೆಯಲ್ಲಿ ನೆನೆಸಿದ ಚಿಂದಿಯನ್ನು ಹಾಕಿದನು. ಹಳೆಯ ಟೋಪಿಗಳನ್ನೂ ಕಾಗದವನ್ನೂ ಕೊನೆಗೆ ಕುದುರೆಯ ಲದ್ದಿಯನ್ನೂ ತುರುಕಿ ನೋಡಿದನು. ಎಲ್ಲವೂ ಸೋರಿತು. ಹಣವಿತ್ತು ನೆರವಾಗಿದ್ದ ರೋಬಕನು 1773ರಲ್ಲಿ ದಿವಾಳಿಯೆದ್ದನು. ಹೊಟ್ಟೆಪಾಡಿಗಾಗಿ ವಾಟನು ಕಾಲುವೆಗಳ ಮೋಜಣಿಗೆ ಹೋಗುತ್ತಿದ್ದನು.

ಅವನನ್ನು ಕಾಪಾಡಿದವನು ಫಿರಂಗಿಗಳ ಕಾರ್ಖಾನೆಯವನು. ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಧಣಿಯು 1774ರಲ್ಲಿ ಫಿರಂಗಿಗಳನ್ನು ನೇರವಾಗಿ ಕೊರೆಯುವ ವಿಧಾನಕ್ಕೆ ಪೇಟೆಂಟು ಪಡೆದಿದ್ದನು. ಮರುವರ್ಷ ಉರುಳೆಗಳಿಗಾಗಿಯೇ ಒಂದು ಯಂತ್ರವನ್ನು ಮಾಡಿದನು. ಹಿಂದಿನ ಯಂತ್ರಗಳಲ್ಲಿ ಕೊರೆಯುವ ದಂಡಕ್ಕೆ ಒಂದೇ ಕೊನೆಯಲ್ಲಿ ಆಧಾರ. ಇನ್ನೊಂದು ಕೊನೆಯು ತನ್ನ ಭಾರಕ್ಕೆ ತಾನೇ ಬಾಗಿ, ಎರಕದ ಸೊಟ್ಟನ್ನೇ ಅನುಸರಿಸುತ್ತ ಹೋಗುತ್ತಿತ್ತು. ವಿಲ್ಕಿನ್‌ಸನ್ನನು ದಂಡವನ್ನು ಉರುಳೆಯ ಮೂಲಕ ಹಾಯಿಸಿ ಎರಡು ಕಡೆಯೂ ಆಧಾರ ಕೊಟ್ಟನು. ವಾಟನ ಪಾಲುಗಾರನಾದ ಬೋಲ್ಟನ್ನನು 1776ರಲ್ಲಿ ಬರೆದ ಕಾಗದದಲ್ಲಿ, ಟಿಪ್ಟನ್ನಿನ ಗಣಿಗಾಗಿ ಕೊರೆದ 50 ಅಂಗುಲದ ಉರುಳೆಯಲ್ಲಿ ಎಲ್ಲಿಯೂ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟು ತಪ್ಪೂ ಇಲ್ಲವೆಂದು ಹೆಮ್ಮೆಪಟ್ಟಿದ್ದಾನೆ. ಸವೆದ ನಾಣ್ಯದ ದಪ್ಪ! ಈಗಿನ ಕಾರ್ಖಾನೆಯಲ್ಲಿ ಅಷ್ಟು ತಪ್ಪಿದರೆ ಆ ಸಾಮಾನನ್ನು ಗುಜರಿಗೆ ಎಸೆಯುತ್ತಾರೆ. ಆದರೆ ಆ ವರ್ಷದ ಮಾರ್ಚಿಯಲ್ಲಿ ಟಿಪ್ಟನ್ನಿನಲ್ಲಿ ವಾಟನ ಯಂತ್ರವು ನಡೆಯಿತು. ಆ ಯಂತ್ರಕ್ಕೆ ವಾಟನ ಹೆಸರು ನಿಂತಿದೆ. ವಿಲ್ಕಿನ್‌ಸನ್ನನ ಹೆಸರೂ ಜೊತೆಯಲ್ಲಿ ಬರಬೇಕಾದದ್ದು ನ್ಯಾಯ.

ಇನ್ನು ಮೇಲೆ ಸಂದನ್ನು ಮುಚ್ಚಲು ಸೆಣಬಿನ ಹುರಿ ಸಾಕಾಯಿತು. ಪಿಸ್ಟನ್ನಿನ ಸುತ್ತಲೂ ಒಂದು ತೋಡು. ಅದರಲ್ಲಿ ಕೊಬ್ಬಿನಲ್ಲಿ ನೆನೆಸಿದ ಹುರಿಯನ್ನು ಸುತ್ತಿ, ಮೇಲೆ ಒಂದು ಕಬ್ಬಿಣದ ಬಳೆಯನ್ನು ಇಟ್ಟು ತಿರುಪುಮೊಳೆಗಳಿಂದ ಬಿಗಿಯುವರು. ಹುರಿಯು ಸವೆದಂತೆಲ್ಲ ತಿರುಪನ್ನು ಇನ್ನಷ್ಟು ಬಿಗಿಯಬೇಕು. ಕೆಲಕಾಲದಮೇಲೆ ಯಂತ್ರವನ್ನು ನಿಲ್ಲಿಸಿ ಹೊಸ ಹುರಿ ಸುತ್ತಬೇಕು. ಪಿಸ್ಟನ್ನಿನ ಸೋಲುಗಳಲ್ಲಿ ಇದು ಅತ್ಯಂತ ಸೌಮ್ಯವಾದದ್ದು. ಯಂತ್ರವು ಮುಂಚಿತವಾಗಿಯೇ ಬುಸುಗುಟ್ಟಿ ತಿಳಿಸುತ್ತಿತ್ತು.

ಆದರೆ ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕನು ವಾಯುಮಂಡಲದ ಭಾರವನ್ನು ನೆಚ್ಚುವುದನ್ನು ಬಿಟ್ಟು, ಹಬೆಯನ್ನೇ ಬಲವಾಗಿ ಒತ್ತಿ ದುಡಿಸತೊಡಗಿದನು. 1802ರಲ್ಲಿ ಕೋಲ್‌ಬ್ರೂಕ್‌ಡೇಲಿನಲ್ಲಿ ಅವನು ಚದರ ಅಂಗುಲಕ್ಕೆ 145 ಪೌಂಡಿನವರೆಗೆ ಏರಿಸಿದನು. 1804ರಲ್ಲಿ ವೇಲ್ಸಿನ ಪೆನಿಡಾರನ್ನಿನಲ್ಲಿ ಹಳಿಯ ಮೇಲೆ ಬಂಡಿಯನ್ನೇ ಓಡಿಸಿದನು. ಅಷ್ಟು ಬಿಸಿಯಾದ ಹಬೆಗೆ ಸೆಣಬು ಸುಟ್ಟು ಸೀದುಹೋಗುವುದು ಸಹಜ. ಕಾರ್ನ್‌ವಾಲಿನ ಈ ಯಂತ್ರವಿದ್ಯೆಯ ಎಳೆಯೊಂದು ನಮ್ಮ ನಾಡಿಗೂ ಬಂದಿತ್ತೆಂಬುದನ್ನು ಇಲ್ಲಿಯೇ ಹೇಳಬಹುದು. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳನ್ನು ನಡಸಿದ ಜಾನ್ ಟೇಲರ್ ಕಂಪೆನಿಯವರು ಕಾರ್ನ್‌ವಾಲಿನಿಂದ ಅನೇಕ ಗಣಿಗಾರರನ್ನು ಕರೆತಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದ ಮೇಲೆ ಅಲ್ಲಿಯ ಹಬೆಯಂತ್ರಗಳ ಕೆಲಸವನ್ನು ಮೋಟಾರುಗಳು ವಹಿಸಿಕೊಳ್ಳತೊಡಗಿದುವು.

ಸೆಣಬಿಗೆ ಬದಲಾಗಿ ಲೋಹವನ್ನೇ ಉಪಯೋಗಿಸುವ ಯತ್ನಗಳು ಬಹಳ ನಡೆದುವು. ಯಂತ್ರಮಗ್ಗಕ್ಕೆ ಹೆಸರಾದ ಪಾದ್ರಿ ಕಾರ್ಟ್‌ರೈಟನು 1797ರಲ್ಲಿಯೇ ಲೋಹದ ತುಂಡುಗಳನ್ನು ಸ್ಪ್ರಿಂಗುಗಳಿಂದ ಹೊರಕ್ಕೆ ಒತ್ತುವ ಪಿಸ್ಟನ್ನನ್ನು ಕಲ್ಪಿಸಿದ್ದನು. ಅಂಥವು ಭಾರವಾದುವು, ತೊಡಕಾದುವು. ಒಳಗೆ ಒಂದು ಸ್ಪ್ರಿಂಗು ಮುರಿದರೆ ಎಲ್ಲವೂ ಕೆಟ್ಟಿತು. ಇಂಗ್ಲೆಂಡಿನ ಒಂದು ರೈಲ್ವೆಯಲ್ಲಿ ಎಂಜಿನ್ನುಗಳ ಮೇಲ್ವಿಚಾರಕನಾಗಿದ್ದ ಜಾನ್ ರಾಮ್ಸ್‌ಬಾಟಮನು ಈ ತೊಡಕನ್ನು ಬಿಡಿಸಿದ ರೀತಿಯು ನಮಗೆ ಬಹಳ ಮೆಚ್ಚಾದದ್ದು. 1852ರ ಪೇಟೆಂಟಿನಲ್ಲಿಯೂ 1854ರಲ್ಲಿ ಯಂತ್ರಶಿಲ್ಪಿಗಳ ಸಂಸ್ಥೆಯ ಮುಂದೆ ಓದಿದ ಲೇಖನದಲ್ಲಿಯೂ ಅವನು ಹೇಳಿದ್ದು ಇಷ್ಟೇ: ಪಿಸ್ಟನ್ನಿಗೆ ಮೂರು ಕಿರಿದಾದ ತೋಡುಗಳಿರಲಿ, ಪ್ರತಿಯೊಂದರಲ್ಲಿಯೂ ಒಂದು ಲೋಹದ ಉಂಗುರವಿರಲಿ, ಉಂಗುರವನ್ನು ಉರುಳೆಗಿಂತ ಹತ್ತರಲ್ಲೊಂದು ಪಾಲು ದೊಡ್ಡದಾಗಿ ಬಾಗಿಸಿ, ಒಂದು ಕಡೆ ಕತ್ತರಿಸಿ ಬಿಡಿ. ಒಳಕ್ಕೆ ತುರುಕಿದಾಗ ಅದು ಅದುಮಿಕೊಂಡು, ತನ್ನ ಚಿಮ್ಮುಗುಣದಿಂದ ತಾನೇ ಗೋಡೆಗೆ ಒತ್ತಿ ನಿಲ್ಲುತ್ತದೆ. ಬೇರೆ ಸ್ಪ್ರಿಂಗು ಬೇಡ, ತಿರುಪು ಬೇಡ. ಮೇಲಾಗಿ ಹಬೆಯು ಉಂಗುರದ ಬೆನ್ನ ಹಿಂದೆ ನುಸುಳಿ ಅದನ್ನು ಇನ್ನೂ ಬಲವಾಗಿ ಒತ್ತುತ್ತದೆ. ಸೋರಿಹೋಗಲು ಬಂದ ಕಳ್ಳನನ್ನೇ ಬಾಗಿಲು ಕಾಯಲು ನಿಲ್ಲಿಸಿದಂತಾಯಿತು. ಎಣ್ಣೆಯನ್ನು ಸುಡುವ ಎಂಜಿನ್ನುಗಳು ಆಮೇಲೆ ಬಂದದ್ದಕ್ಕೆ ಈ ಉಂಗುರವೇ ದಾರಿ ಮಾಡಿತೆಂದರೆ ಉತ್ಪ್ರೇಕ್ಷೆಯಲ್ಲ.

ಏಕೆಂದರೆ, 1876ರಲ್ಲಿ ನಿಕೊಲಾಸ್ ಆಟೋ ಎಂಬಾತನು ಜರ್ಮನಿಯ ಡಾಯಿಟ್ಸಿನಲ್ಲಿ ನಡಸಿದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಬೆಂಕಿಯು ಉರುಳೆಯ ಹೊರಗಿಲ್ಲ, ಒಳಗೇ ಇದೆ. ಮೊದಲನೆಯ ಹೊಡೆತದಲ್ಲಿ ಅನಿಲವನ್ನು ಒಳಕ್ಕೆ ಎಳೆಯುವುದು, ಎರಡನೆಯದರಲ್ಲಿ ಅದುಮುವುದು, ಆಗ ಕಿಡಿ ತಾಗಿ ಮೂರನೆಯದರಲ್ಲಿ ದುಡಿಮೆ, ನಾಲ್ಕನೆಯದರಲ್ಲಿ ಹೊಗೆಯನ್ನು ಹೊರದೂಡುವುದು. ಅದುಮುವಾಗ ಸೋರಿದರೆ ಎಂಜಿನ್ನು ಹೊತ್ತಿಕೊಳ್ಳುವುದೇ ಇಲ್ಲ. ರುಡಾಲ್ಫ್ ಡೀಸೆಲ್ಲನಿಗೆ ಈ ಕಷ್ಟವು ಇಮ್ಮಡಿಯಾಯಿತು. ಕಿಡಿಯನ್ನೇ ಬಿಟ್ಟು, ಗಾಳಿಯನ್ನು ಅದುಮುವುದರಿಂದ ಏಳುವ ಕಾವಿನಿಂದಲೇ ಎಣ್ಣೆಯನ್ನು ಹೊತ್ತಿಸಬೇಕೆಂಬುದು ಅವನ ಸಂಕಲ್ಪ. 1893ರ ಆಗಸ್ಟಿನಲ್ಲಿ ಔಗ್ಸ್‌ಬುರ್ಗಿನ ಕಾರ್ಖಾನೆಯಲ್ಲಿ ಮೊದಲನೆಯ ಯಂತ್ರವನ್ನು ಪರೀಕ್ಷಿಸಿದಾಗ ಪಿಸ್ಟನ್ನು ಸೋರಿ, ಎಣಿಸಿದ್ದಕ್ಕಿಂತ ಎಷ್ಟೋ ಕಡಮೆ ಒತ್ತಡ ಬಂತು. ಹಾಗಿದ್ದರೂ ಎಣ್ಣೆ ಹೊತ್ತಿದಾಗ ಒತ್ತಡವನ್ನು ಅಳೆಯುವ ಉಪಕರಣವು ಸಿಡಿದು ಚೂರಾಯಿತು. ಅವನ ಎಂಜಿನ್ನು ಸಮರ್ಪಕವಾಗಿ ನಡೆದದ್ದು 1897ರಲ್ಲಿ. ಎಣ್ಣೆಯ ಶಾಖದಲ್ಲಿ ನೂರಕ್ಕೆ 26 ಪಾಲನ್ನು ಅದು ಕೆಲಸಕ್ಕೆ ತಿರುಗಿಸಿತು. ಆ ಕಾಲಕ್ಕೆ ಅದು ಅದ್ಭುತ.

ಒಂದು ಸಾಧಾರಣ ಮೋಟಾರು ಎಂಜಿನ್ನಿನ ಪಿಸ್ಟನ್ನು ಏನೇನನ್ನು ಸಹಿಸುತ್ತದೆಂಬುದನ್ನು ಸ್ವಲ್ಪ ಲೆಕ್ಕಹಾಕೋಣ. ಅದರ ನಡೆಯು 4 ಅಂಗುಲವೆಂದೂ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವುದೆಂದೂ ಇಟ್ಟುಕೊಂಡರೆ, ಪಿಸ್ಟನ್ನು ಸೆಕೆಂಡಿಗೆ ನೂರು ಸಲ ಪೂರ್ತಿಯಾಗಿ ನಿಂತು ಹಿಂದಿರುಗಬೇಕು. ಮೇಲಿನ ಕೊನೆಯಲ್ಲಿ ಅದನ್ನು ಹಿಂದಕ್ಕೆ ಎಳೆಯಲು ಬೇಕಾದ ಬಲವು ಅದರ ತೂಕದ ಆರುನೂರು ಪಟ್ಟಿಗೂ ಮಿಕ್ಕದ್ದು. ಒಂದು ಪೌಂಡಿನ ಪಿಸ್ಟನ್ನು ಆ ಗಳಿಗೆಯಲ್ಲಿ 600 ಪೌಂಡಿನಂತೆ ಜಗ್ಗುತ್ತದೆ. ತಲೆಯ ಮೇಲೆ 2000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಜ್ವಾಲೆ. ಅಲ್ಯುಮಿನಿಯಮ್ಮಾದರೋ 660 ಡಿಗ್ರಿಗೆ ಕರಗುವ ಲೋಹ. ಅದರ ಮಿಶ್ರಲೋಹಗಳು ಇನ್ನೂ ಮುಂಚೆಯೇ ಮೆತ್ತಗಾಗುತ್ತವೆ. ಆದರೂ ಪಿಸ್ಟನ್ನಿನ ನೆತ್ತಿಯು 300 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಹೇಗೆಂದರೆ, ಜ್ವಾಲೆಯು ಕ್ಷಣಿಕ. ಲೋಹವನ್ನು ಮುಟ್ಟಿ ನಿಂತಿರುವ ಅನಿಲದ ತೆಳುಪದರವು ಒಂದು ಕಂಬಳಿಯಂತೆ ತಡೆಯುತ್ತದೆ. ಒಳಬಂದ ಶಾಖವು ಉಂಗುರಗಳ ಮೂಲಕ ಉರುಳೆಯ ಗೋಡೆಗೂ ಅಲ್ಲಿಂದ ತಣಿಸುವ ನೀರಿಗೂ ಹರಿದುಹೋಗುತ್ತದೆ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಪಿಸ್ಟನ್ನಿಗೆ ಕೇಡು.

ಮೊದಲು ಪಿಸ್ಟನ್ನುಗಳೆಲ್ಲ ಎರಕದ ಕಬ್ಬಿಣದವು. 1913ರಲ್ಲಿ ಡಬ್ಲ್ಯು. ಓ. ಬೆಂಟ್ಲಿ ಎಂಬ ತರುಣ ಇಂಗ್ಲಿಷಿನವನು ಪ್ಯಾರಿಸಿನ ಹತ್ತಿರ ತಾನು ಮಾರುತ್ತಿದ್ದ ಡಿ.ಎಫ್.ಪಿ. ಕಾರುಗಳ ಕಾರ್ಖಾನೆಗೆ ಹೋಗಿದ್ದಾಗ, ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟಿದ್ದ ಒಂದು ಪುಟ್ಟ ಅಲ್ಯುಮಿನಿಯಂ ಪಿಸ್ಟನ್ನನ್ನು ಕಂಡನು. ಏಕೆ ನಿಜವಾದ ಪಿಸ್ಟನ್ನನ್ನೇ ಹೀಗೆ ಮಾಡಬಾರದು? ನೂರರಲ್ಲಿ 12 ಪಾಲು ತಾಮ್ರ ಬೆರೆಸಿ ಎರಕ ಹೊಯಿಸಿ ನೋಡಿದರು, ಕಾರು ವೇಗವಾಯಿತು. 1914ರಲ್ಲಿ ಮಹಾಯುದ್ಧವು ಬಂದಾಗ ಅವನು ಈ ಗುಟ್ಟನ್ನು ನೌಕಾಪಡೆಗೆ ತಿಳಿಸಿದನು. ರೋಲ್ಸ್-ರಾಯ್ಸ್ ಕಾರ್ಖಾನೆಯವರಿಗೂ ಸನ್‌ಬೀಮಿನವರಿಗೂ ಅದು ಮುಟ್ಟಿತು. ವಿಮಾನದ ಎಂಜಿನ್ನುಗಳಿಗೆ ಅಲ್ಯುಮಿನಿಯಂ ಪಿಸ್ಟನ್ನು ಬಂತು. ತೂಕವು ಕಬ್ಬಿಣದ ಮೂರನೆಯ ಒಂದು ಪಾಲಿನಷ್ಟು. ಶಾಖವನ್ನು ಸಾಗಿಸುವುದು ಕಬ್ಬಿಣಕ್ಕಿಂತ ಎಷ್ಟೋ ಚುರುಕು.

ಆದರೆ ಗುಣದ ಬೆನ್ನಿಗೇ ದೋಷ. 4 ಅಂಗುಲದ ಎರಕದ ಕಬ್ಬಿಣದ ಬಿಲ್ಲೆಯನ್ನು 200 ಡಿಗ್ರಿ ಕಾಯಿಸಿದರೆ ಅಂಗುಲದ ಸಾವಿರದಲ್ಲಿ 9 ಪಾಲು ಹಿಗ್ಗುತ್ತದೆ. ಅಲ್ಯುಮಿನಿಯಮ್ಮಿನದು ಸುಮಾರು 18 ಪಾಲು. ಉರುಳೆ ಕಬ್ಬಿಣದ್ದು, ಒಳಗಿನ ಬೆಣೆ ಅಲ್ಯುಮಿನಿಯಮ್ಮಿನದು. ತಣ್ಣಗಿರುವಾಗ ಸರಿಯಾಗಿ ಹೊಂದಿಸಿದರೆ ಕಾದಾಗ ಸಿಕ್ಕಿಕೊಳ್ಳುತ್ತದೆ. ಕಾದಾಗ ಸರಿಹೋಗುವಂತೆ ಹೊಂದಿಸಿದರೆ ಬೆಳಗಿನ ಚಳಿಯಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಟಕಟಕ ಸದ್ದು ಮಾಡುತ್ತದೆ. ಇದಕ್ಕೆ ಹುಡುಕಿದ ಉಪಾಯಗಳು ಒಂದೆರಡಲ್ಲ. ಪಿಸ್ಟನ್ನಿನ ಕೆಳಭಾಗವನ್ನು ಸೀಳಿದರು. ಸ್ವಿಸ್ ಭೌತಶಾಸ್ತ್ರಜ್ಞ ಗಿಯೋಮನು 1896ರಲ್ಲಿ ಕಂಡುಹಿಡಿದ, ಕಾದರೂ ಬಹುಮಟ್ಟಿಗೆ ಹಿಗ್ಗದ ಇನ್‌ವಾರ್ ಎಂಬ ಮಿಶ್ರಲೋಹದ ಪಟ್ಟಿಗಳನ್ನು ಒಳಗೆ ಹುದುಗಿಸಿದರು. ತಾಮ್ರಕ್ಕೆ ಬದಲಾಗಿ ನೂರಕ್ಕೆ 12 ಪಾಲಿನಷ್ಟು ಸಿಲಿಕಾನ್ ಬೆರೆಸಿ ಹಿಗ್ಗುವಿಕೆಯನ್ನೇ ತಗ್ಗಿಸಿದರು. ಇನ್ನೂ ವಿಚಿತ್ರವೆಂದರೆ, ಪಿಸ್ಟನ್ನನ್ನು ಬೇಕೆಂದೇ ದುಂಡಗೆ ಮಾಡುವುದನ್ನು ಬಿಟ್ಟರು. ಈಗಿನ ಪಿಸ್ಟನ್ನನ್ನು ಸೂಕ್ಷ್ಮವಾಗಿ ಅಳೆದರೆ ಅದು ಕೊಂಚ ಮೊಟ್ಟೆಯಾಕಾರ, ಮೇಲೆ ಕಿರಿದು, ಕೆಳಗೆ ಅಗಲ. ಕಾದು ಕೆಲಸ ಮಾಡುವಾಗಲೇ ಅದು ದುಂಡಗಾಗುವುದು. ಪಪ್ಯಾನನು ಒಂದೇ ಸಮನಾದ ಕೊಳವೆಗಾಗಿ ಹಂಬಲಿಸಿದನು. ಈಗಿನವರು ಲೆಕ್ಕ ಹಾಕಿ ಸೊಟ್ಟಮಾಡುತ್ತಾರೆ.

ಇನ್ನು ಪಿಸ್ಟನ್ನು ಹಾಳಾಗುವ ಬಗೆಗೆ ಬರೋಣ. ಕೆಟ್ಟ ಎಂಜಿನ್ನನ್ನು ಬಿಚ್ಚಿ, ಸುಟ್ಟ ಪಿಸ್ಟನ್ನನ್ನು ಯಜಮಾನನ ಕೈಯಲ್ಲಿಟ್ಟರೆ ಅವನು ಪಿಸ್ಟನ್ನನ್ನೇ ಬೈಯುತ್ತಾನೆ. ಇದು ಅನ್ಯಾಯ. ಬಹುಪಾಲು ಸಂದರ್ಭಗಳಲ್ಲಿ ಪಿಸ್ಟನ್ನು ಸಾಕ್ಷಿಯೇ ಹೊರತು ಅಪರಾಧಿಯಲ್ಲ; ಅಪರಾಧಿಯು ರೇಡಿಯೇಟರಿನಲ್ಲಿಯೋ ಎಣ್ಣೆಯ ಪಂಪಿನಲ್ಲಿಯೋ ಕಿಡಿಯ ಹೊತ್ತಿನಲ್ಲಿಯೋ ಅಡಗಿರುತ್ತಾನೆ. ಸೀಜ್ ಆಯಿತು ಎಂದು ನಮ್ಮ ಮೇಸ್ತ್ರಿಗಳು ಹೇಳುವುದರ ಅರ್ಥವಿಷ್ಟು: ನೀರು ಬತ್ತಿಯೋ ಎಣ್ಣೆ ಇಲ್ಲದೆಯೋ ಪಿಸ್ಟನ್ನು ಮಿತಿಮೀರಿ ಕಾದು ಹಿಗ್ಗುತ್ತದೆ; ನಡುವಣ ಎಣ್ಣೆಯ ಪೊರೆ ಹರಿಯುತ್ತದೆ; ಲೋಹವು ಲೋಹಕ್ಕೆ ತಾಗಿ, ಉಬ್ಬಿದ ಕಣಗಳು ಬೆಸೆದುಕೊಂಡು, ಮರುಕ್ಷಣ ಹರಿಯುತ್ತವೆ; ಹರಿದ ಒರಟು ಮೈ ಇನ್ನೂ ಕಾಯುತ್ತದೆ. ಒಂದಕ್ಕೊಂದು ಪ್ರೇರಕವಾಗಿ ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ನು ಕಚ್ಚಿಕೊಂಡು ನಿಲ್ಲುತ್ತದೆ. ಕೆಲವು ವೇಳೆ ನಿಲ್ಲುವ ಬದಲು ಕೂಡುದಂಡವೇ ಮುರಿದು ಎಂಜಿನ್ನಿನ ಪಕ್ಕೆಯನ್ನು ಒಡೆದುಕೊಂಡು ಹೊರಗೆ ಬರುವುದೂ ಉಂಟು. ಆ ಪಿಸ್ಟನ್ನಿನ ಎರಡು ಪಕ್ಕಗಳಲ್ಲಿಯೂ ಉದ್ದುದ್ದ ಗೀರುಗಳಿದ್ದರೆ ಕಾವು ಹೆಚ್ಚಿತೆಂದು ತಿಳಿಯಬೇಕು. ಮೈಯೆಲ್ಲ ಸಾಣೆ ಹಿಡಿದಂತೆ ಮಂಕಾಗಿ ಸಣ್ಣ ಗೆರೆಗಳಿದ್ದರೆ ಧೂಳು ಹೊಕ್ಕಿದೆ.

ಧೂಳಿನ ಮಾತು ನಮ್ಮ ನಾಡಿನವರಿಗೆ ಅನುಭವದ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಮಿತವಾದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಇದ್ದಲ ಒಲೆಯನ್ನು ಕಟ್ಟಿಕೊಂಡು ಓಡಿದುವು. ಇದ್ದಲ ಅನಿಲವು ಎಂಜಿನ್ನಿಗೆ ಹೋಗುವ ಮುಂಚೆ ಅದನ್ನು ಚೆನ್ನಾಗಿ ಸೋಸಬೇಕು. ಸೋಸದೆ ಹೋದರೆ ಬೂದಿಯೂ ಮಸಿಯೂ ಎಣ್ಣೆಯೊಡನೆ ಕಲೆತು ಉಂಗುರಗಳನ್ನೂ ಉರುಳೆಯನ್ನೂ ಅರೆಯುತ್ತವೆ. ಉಂಗುರ ಸವೆದರೆ ಕೆಳಗಣ ಎಣ್ಣೆ ಮೇಲೆ ಬಂದು ಉರಿಯುತ್ತದೆ. ಬಾಲದ ಕೊಳವೆಯಲ್ಲಿ ನೀಲಿಹೊಗೆ ಕಾಣುತ್ತದೆ. ರಿಂಗು ಹೋಗಿದೆ, ಬೋರ್ ಮಾಡಿಸಬೇಕು ಎಂದು ಮೇಸ್ತ್ರಿ ದೂರದಿಂದಲೇ ಹೇಳುವನು. ಅವನ ಮಾತು ಸುಳ್ಳಾಗುವುದು ಅಪರೂಪ.

ಓಡುವುದರಿಂದ ಮಾತ್ರ ಸವೆಯುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಮೋಟಾರು ಎಂಜಿನಿಯರುಗಳ ಸಂಸ್ಥೆಯ ಪರವಾಗಿ ನಡೆದ ಸಂಶೋಧನೆಯಲ್ಲಿ, ಗೋಡೆ ತಣ್ಣಗಿರುವಾಗ ದಹನದಿಂದ ಹುಟ್ಟಿದ ನೀರಾವಿಯು ಅಲ್ಲಿ ಹನಿಗಟ್ಟಿ ಆಮ್ಲವಾಗಿ ಲೋಹವನ್ನು ತಿನ್ನುವುದೆಂದು ತಿಳಿದುಬಂತು. ಎಂಜಿನ್ನು ಕಾಯುವಷ್ಟರಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ, ಮತ್ತೆ ನಿಲ್ಲಿಸುವ ಪೇಟೆಯ ಕಾರು ಈ ಕಾರಣದಿಂದಲೇ ಊರಿಂದೂರಿಗೆ ಓಡುವ ಕಾರಿಗಿಂತ ಮೈಲಿಗೆ ಹೆಚ್ಚಾಗಿ ಸವೆಯುತ್ತದೆ.

ಯುದ್ಧವು ಪಿಸ್ಟನ್ನಿಗೆ ಇನ್ನೊಂದು ಪಾಠವನ್ನು ಕಲಿಸಿತು. 1916ರಲ್ಲಿ ಮೊದಲು ರಣರಂಗಕ್ಕಿಳಿದ ಬ್ರಿಟಿಷ್ ಟ್ಯಾಂಕುಗಳ ಡೈಮ್ಲರ್ ಎಂಜಿನ್ನುಗಳು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿ, ಆಮೇಲೆ ಜೋರಾಗಿ ಹೊರಟಾಗ ಎಣ್ಣೆ ಉರಿದು ದಟ್ಟವಾದ ಹೊಗೆಯನ್ನು ಉಗುಳುತ್ತಿದ್ದುವು. ಆ ಹೊಗೆಯನ್ನು ಕಂಡು ಶತ್ರುಗಳ ಫಿರಂಗಿ ಗುರಿಯಿಟ್ಟಿತು. ಒಳಗಿದ್ದ ಎಂಟು ಮಂದಿಯ ಪ್ರಾಣವು ಉರುಳೆಯಲ್ಲಿ ಮೇಲೇರಿದ ಒಂದಿಷ್ಟು ಎಣ್ಣೆಯ ಮೇಲೆ ನಿಂತಿತ್ತು. ಹ್ಯಾರಿ ರಿಕಾರ್ಡೊ ಎಂಬ ಎಂಜಿನಿಯರನು 1917ರಲ್ಲಿ ಬೇರೆಯ ಎಂಜಿನ್ನನ್ನು ರಚಿಸಿದನು. ಕೂಡುದಂಡದ ಓರೆಯಾದ ಒತ್ತನ್ನು ಹೊರುವ ಭಾಗವನ್ನು ಪಿಸ್ಟನ್ನಿನಿಂದ ಬೇರ್ಪಡಿಸಿ, ಎಣ್ಣೆ ಮೇಲೇರದಂತೆ ಮಾಡಿದನು. 150 ಕುದುರೆಶಕ್ತಿಯ ಆ ಎಂಜಿನ್ನು 1918ರ ಟ್ಯಾಂಕುಗಳಲ್ಲಿ ಹೊಗೆಯಿಲ್ಲದೆ ನಡೆಯಿತು.

ಅದೇ ರಿಕಾರ್ಡೊ ಇನ್ನೊಂದು ರೋಗದ ಗುಟ್ಟನ್ನೂ ಬಿಡಿಸಿದನು. ಗುಡ್ಡ ಹತ್ತುವಾಗ ಕೆಲವು ಎಂಜಿನ್ನುಗಳು ಸುತ್ತಿಗೆಯಿಂದ ಹೊಡೆದಂತೆ ಕಿಣಿಕಿಣಿ ಸದ್ದು ಮಾಡುತ್ತವೆ. ಇದಕ್ಕೆ ನಾಕಿಂಗ್ ಎಂಬ ಹೆಸರು. ಕಿಡಿಯಿಂದ ಹೊರಟ ಜ್ವಾಲೆಯು ಮುಂದುವರಿಯುತ್ತಿರುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಅನಿಲವು ಒತ್ತಡಕ್ಕೂ ಕಾವಿಗೂ ತಾಳಲಾರದೆ ತಾನಾಗಿಯೇ ಒಮ್ಮೆಗೇ ಸಿಡಿಯುವುದೇ ಇದರ ಕಾರಣ. ಈ ಸಿಡಿತದ ಅಲೆಗಳು ಲೋಹದ ಮೇಲಿನ ಅನಿಲದ ಕಂಬಳಿಯನ್ನು ಹರಿದೊಗೆಯುತ್ತವೆ. ಪಿಸ್ಟನ್ನಿನ ಅಂಚು ಗೆದ್ದಲು ತಿಂದಂತೆ ಕೊರೆದುಹೋಗುತ್ತದೆ. ಉಂಗುರಗಳ ನಡುವಣ ದಿಣ್ಣೆಗಳು ಮುರಿಯುತ್ತವೆ. ಕೊನೆಗೆ ಉರುಳೆಯೊಳಗೆ ಕೆಂಡದಂತೆ ಕಾದ ಮಸಿಯೋ ಕಿಡಿಕಡ್ಡಿಯ ತುದಿಯೋ ಹೊತ್ತಿಗೆ ಮುಂಚೆಯೇ ಅನಿಲವನ್ನು ಹೊತ್ತಿಸಿದರೆ, ನೆತ್ತಿಯ ನಡುವೆ ತೂತು ಬಿದ್ದು ಪಿಸ್ಟನ್ನು ಸತ್ತಂತೆಯೇ.

ಈ ರೋಗಕ್ಕೆ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತನು 1921ರ ಡಿಸೆಂಬರಿನಲ್ಲಿ ಒಂದು ಮದ್ದನ್ನು ಕಂಡುಹಿಡಿದನು. ಪೆಟ್ರೋಲಿಗೆ ಅತ್ಯಲ್ಪವಾಗಿ ಟೆಟ್ರಾಈಥೈಲ್ ಸೀಸವನ್ನು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ. ಪಿಸ್ಟನ್ನುಗಳು ಉಳಿದುಕೊಂಡುವು, ಎಂಜಿನ್ನುಗಳು ಬಲವಾದುವು. ಸೀಸವು ವಿಷವೆಂಬುದು ಆಗಲೂ ತಿಳಿದೇ ಇತ್ತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಆದರೂ ನಿಲ್ಲಿಸಲಿಲ್ಲ. ಹೊಗೆಯೊಡನೆ ಹೊರಬಿದ್ದ ಸೀಸವು ಎರಡು ಮೂರು ತಲೆಮಾರು ಬೀದಿಯ ಮಕ್ಕಳ ರಕ್ತಕ್ಕೆ ಸೇರಿತು. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಮೋಟಾರು ಬಂಡಿಗಳಿಗೆ ಅದನ್ನು ಮಾರುತ್ತಿದ್ದ ದೇಶಗಳಲ್ಲಿ ಕೊನೆಯದಾದ ಆಲ್ಜೀರಿಯದಲ್ಲಿ 2021ರಲ್ಲಿ. ಪಿಸ್ಟನ್ನಿನ ನೋವನ್ನು ಕಿವಿಯಿಂದ ಕೇಳಬಹುದಾಗಿತ್ತು. ಮಕ್ಕಳ ನೋವು ಸದ್ದು ಮಾಡುವಂಥದಾಗಿರಲಿಲ್ಲ. ಆ ಮದ್ದಿಗೆ ತೆತ್ತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಪಿಸ್ಟನ್ನಿನ ಚರಿತ್ರೆಯನ್ನು ಹೊಗಳಿಕೊಳ್ಳಲು ನಮಗೆ ಮನಸ್ಸಿಲ್ಲ. ಈಗ ಎಂಜಿನ್ನಿನ ಮೈಗೆ ಅಂಟಿಸಿದ ಒಂದು ಸಣ್ಣ ಉಪಕರಣವು ನಾಕಿಂಗಿನ ಸದ್ದನ್ನು ಕೇಳಿದೊಡನೆಯೇ ಕಿಡಿಯನ್ನು ತುಸು ತಡಮಾಡಿಸುತ್ತದೆ, ಸೀಸದ ಅಗತ್ಯವಿಲ್ಲ.

ರಸ್ತೆಯಲ್ಲಿ ವಿದ್ಯುತ್ತಿನ ಬಂಡಿಗಳು ಹೆಚ್ಚುತ್ತಿವೆ, ಅವುಗಳಲ್ಲಿ ಪಿಸ್ಟನ್ನಿಲ್ಲ. ಅಲ್ಯುಮಿನಿಯಮ್ಮನ್ನು ಬಿಟ್ಟು ಮತ್ತೆ ಉಕ್ಕಿಗೆ ಮರಳಿದ ಡೀಸೆಲ್ ಕಾರುಗಳೂ 2014ರಿಂದ ಬಂದಿವೆ. ಆದರೆ ಪಿಸ್ಟನ್ನಿನ ದೊಡ್ಡಸ್ತಿಕೆಯನ್ನು ನೋಡಬೇಕಾದರೆ ಸಮುದ್ರಕ್ಕೆ ಹೋಗಬೇಕು. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಎಂಬ ಸರಕಿನ ಹಡಗಿನಲ್ಲಿ ಹದಿನಾಲ್ಕು ಉರುಳೆಗಳ ಡೀಸೆಲ್ ಎಂಜಿನ್ನಿದೆ. ಪ್ರತಿಯೊಂದು ಉರುಳೆಯ ಅಗಲ 960 ಮಿಲಿಮೀಟರು, ಪಿಸ್ಟನ್ನಿನ ನಡೆ ಎರಡೂವರೆ ಮೀಟರು. ನಿಮಿಷಕ್ಕೆ ನೂರರಷ್ಟು ಸುತ್ತು. ರಿಕಾರ್ಡೊ ಟ್ಯಾಂಕಿನಲ್ಲಿ ಮಾಡಿದಂತೆ ಇಲ್ಲಿಯೂ ಓರೆಯ ಒತ್ತನ್ನು ಬೇರೊಂದು ಭಾಗವು ಹೊರುತ್ತದೆ. ಎಣ್ಣೆಯ ಶಾಖದಲ್ಲಿ ಅರ್ಧದಷ್ಟು ಕೆಲಸಕ್ಕೆ ಬರುತ್ತದೆ. ಪಿಸ್ಟನ್ನನ್ನು ಪರೀಕ್ಷಿಸಲು ಒಬ್ಬ ಮನುಷ್ಯನು ಉರುಳೆಯೊಳಕ್ಕೇ ಇಳಿಯಬಹುದು. ಅಲ್ಲಿ ಅವನು ಮೊದಲು ತಡವಿ ನೋಡುವುದು ತೋಡಿನಲ್ಲಿ ಕುಳಿತ ಉಂಗುರಗಳನ್ನು: ಅಂಟಿಕೊಂಡಿವೆಯೋ, ಸಡಿಲವಾಗಿ ಆಡುತ್ತಿವೆಯೋ, ಒಂದು ಕಡೆ ಕತ್ತರಿಸಿದ ಬಾಯಿಯು ಎಷ್ಟು ತೆರೆದಿದೆಯೋ ಎಂದು.